ಹವಾಮಾನದ ಕಥೆಗೆ ಮೊದಲು ದನಿ, ಆಮೇಲೆ ಚಿತ್ರ

ನೆರೆ, ಬಿಸಿಲು, ಕಾರ್ಖಾನೆ ಹೊಗೆ ಬಗ್ಗೆ ಸ್ವಂತ ಅನುಭವದ ವಿಡಿಯೋ ಮಾಡಬೇಕು ಅಂದುಕೊಂಡವರಿಗೆ ಒಂದು ಸಲಹೆ. ಮೊದಲು ಕಥೆ ಬರೆಯಿರಿ, ನಿಮ್ಮದೇ ದನಿಯಲ್ಲಿ ಓದಿ ರೆಕಾರ್ಡ್ ಮಾಡಿ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಡಿಜಿಟಲ್ ಕಥೆ (ಸ್ವಂತ ಅನುಭವವನ್ನು ದನಿ, ಚಿತ್ರ ಸೇರಿಸಿ ಹೇಳುವ ಪುಟ್ಟ ವಿಡಿಯೋ) ಕಾರ್ಯಾಗಾರಗಳಲ್ಲೂ ಒತ್ತು ಇದ್ದದ್ದು ಹೇಳುವವರ ದನಿಗೇ. ಎರಡು ಮೂರು ನಿಮಿಷ ಸಾಕು.

"ಭೂಮಿ ಬಿಸಿಯಾಗುತ್ತಿದೆ" ಅಂತ ಶುರು ಮಾಡಬೇಡಿ, ಅದು ಎಲ್ಲರೂ ಕೇಳಿದ್ದೇ ಅಲ್ವಾ? ಗೋಡೆಯ ಮೇಲೆ ನೀರು ಬಿಟ್ಟುಹೋದ ಕೆಸರಿನ ಗೆರೆ ತೋರಿಸಿ. ಪಕ್ಕದಲ್ಲಿ ಮಗು ನಿಂತರೆ ಆ ಗೆರೆ ಎಲ್ಲಿಗೆ ಬರುತ್ತದೆ ಅಂತ ಹೇಳಿ. ಆಮೇಲೆ ನ್ಯಾಯದ ಪ್ರಶ್ನೆ: ಅದೇ ಮಳೆಗೆ ಪಕ್ಕದ ಬಡಾವಣೆ ಯಾಕೆ ಮುಳುಗಲಿಲ್ಲ? ಚರಂಡಿ ಕೆಲಸ ಎಲ್ಲಿಗೆ ಬಂದು ನಿಂತಿತು? ಈ ಪ್ರಶ್ನೆ ಕೇಳದೇ ಹೋದರೆ ನೋಡಿದವರು ಅಯ್ಯೋ ಪಾಪ ಅಂದು ಮುಂದೆ ಹೋಗುತ್ತಾರೆ, ಅಷ್ಟೇ.

ಇನ್ನೊಂದು. ಫೋನಿನ ಫೋಟೋದೊಳಗೆ ಜಾಗದ ಮಾಹಿತಿ ಅಡಗಿರಬಹುದು. ನಿಮ್ಮ ದೂರು ಬಲಾಢ್ಯರ ಮೇಲಿದ್ದರೆ ಫೋಟೋ ಹಾಕುವ ಮುಂಚೆ ಆ ಮಾಹಿತಿ ಅಳಿಸಿ. ಮೂಲ ಫೈಲ್ ಮಾತ್ರ ಹಾಗೇ ಎತ್ತಿಡಿ, ಮುಂದೆ ಸಾಕ್ಷಿಗೆ ತಾರೀಖು, ಜಾಗ ಎರಡೂ ಬೇಕಾಗಬಹುದು. ಬೇರೆಯವರ ಮುಖ ಬಂದಿದ್ದರೆ ಎಡಿಟ್ ಮುಗಿದ ಮೇಲೆ ತೋರಿಸಿ ಇನ್ನೊಮ್ಮೆ ಒಪ್ಪಿಗೆ ಕೇಳಿ. ಸಬ್‌ಟೈಟಲ್ ಹಾಕಿ, ಸೌಂಡ್ ಇಲ್ಲದೆ ನೋಡುವವರೂ ಇರುತ್ತಾರೆ.