ದೀಪ ಕದಲಿಸದೆ ಐನ್‌ಮನೆ ರಿಪೇರಿ ಮಾಡಿದ್ದು

ನಾವು ಕೊಡವರು. ನಮ್ಮ ಒಕ್ಕದ (ಕುಲದ) ಐನ್‌ಮನೆ, ಅಂದರೆ ಹಿರಿಯರ ಮೂಲಮನೆ, ರಿಪೇರಿ ನನ್ನ ಹೆಗಲಿಗೆ ಬಂದಾಗ ಬಲ್ಯಪ್ಪ (ದೊಡ್ಡಪ್ಪ) ಒಂದೇ ಮಾತು ಹೇಳಿದರು: "ಮನೆಯ ಮಾಡು (ಸೂರು) ಬಿಚ್ಚು, ಗೋಡೆ ಕೆರೆದು ಹಾಕು. ನಡುಬಾಡೆ ದೀಪ ಮಾತ್ರ ಜಾಗ ಬಿಟ್ಟು ಕದಲಬಾರದು." ನಡುಬಾಡೆ ಅಂದರೆ ಮನೆಯ ಮುಖ್ಯ ಹಜಾರ. ನನ್ನ ಅಳತೆ ಎಲ್ಲ ಅಲ್ಲಿಂದಲೇ ಶುರುವಾಯಿತು.

ಒಕ್ಕ ಕಟ್ಟಿದ ಮೂಲಪುರುಷ ಗುರುಕಾರೋಣ ಈಗಲೂ ಮನೆಯಲ್ಲೇ ಇದ್ದು ನಮ್ಮನ್ನು ಕಾಯುತ್ತಾನೆ ಅನ್ನುವುದು ಕೊಡವರ ನಂಬಿಕೆ. ಐನ್‌ಮನೆ ಕಟ್ಟಿರುವುದೇ ಆ ನಂಬಿಕೆಯ ಮೇಲೆ. ಬಾಗಿಲು ಪೂರ್ವಕ್ಕೆ, ಒಳಗೆ ಹೋದರೆ ನೆಲ್ಲಕ್ಕಿ ನಡುಬಾಡೆ, ಅಲ್ಲಿ ತೂಗುದೀಪ. ನೈಋತ್ಯದಲ್ಲಿ ಪೂಜೆಯ ಕೋಣೆ, ಕನ್ನಿ ಕೊಂಬರೆ. ಹೊರಗೆ ಕಾರೋಣನ ಸಣ್ಣ ಗುಡಿ, ಕೈಮಡ. ಈ ಕತೆ ಗೊತ್ತಿಲ್ಲದವರಿಗೆ ಕನ್ನಿ ಕೊಂಬರೆ ಒಂದು ಕತ್ತಲೆ ಕೋಣೆ ಅಷ್ಟೇ. ನಮಗೆ ಮೊದಲು ಪ್ಲಾನ್ ಬರೆದುಕೊಟ್ಟವರು ಅದರ ಗೋಡೆ ಒಡೆದು ಹಾಲ್ ದೊಡ್ಡದು ಮಾಡೋಣ ಅಂದಿದ್ದರು. ನಾನು ಆ ಪ್ಲಾನ್ ವಾಪಸ್ ಕೊಟ್ಟೆ.

ನಡುಬಾಡೆಗೆ ಶೋಕೇಸ್, ಸೋಫಾ ಹಾಕಿಸೋಣ ಅಂತಲೂ ಒತ್ತಾಯ ಇತ್ತು. ಅದನ್ನೂ ಒಪ್ಪಲಿಲ್ಲ. ಅಗಸ್ತ್ಯರ ಕಮಂಡಲದಿಂದ ಹೊರಟು ನದಿಯಾದ ಕಾವೇರಮ್ಮೆ ಅಕ್ಟೋಬರ್‌ನ ತುಲಾ ಸಂಕ್ರಮಣಕ್ಕೆ ನಮ್ಮ ಮನೆಗೂ ಬರುತ್ತಾಳೆ. ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಬಳೆ, ಒಡವೆ ಇಟ್ಟು ಕನ್ನಿಪೂಜೆ ಮಾಡುವುದು ಇದೇ ನಡುಬಾಡೆಯಲ್ಲಿ. ಮನೆಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ನಮಸ್ಕಾರ ಮಾಡಬೇಕು, ಅಲ್ವಾ? ಅದಕ್ಕೆ ಜಾಗ ಖಾಲಿ ಇರಲೇಬೇಕು.

ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಕೆಲಸ ಹಿಡಿದೆವು, ಮಳೆ ಹಿಡಿಯುವ ಮೊದಲೇ ಮಾಡು ಮುಚ್ಚಬೇಕಿತ್ತು. ಮೊದಲು ನಡುಬಾಡೆಯ ಮೇಲೆ ಟಾರ್ಪಾಲ್ ಕಟ್ಟಿ, ಆಮೇಲೆ ಹೆಂಚು ಇಳಿಸಿದೆವು. ಬಲ್ಯವ್ವ (ದೊಡ್ಡಮ್ಮ) ಸಂಜೆ ಆ ಟಾರ್ಪಾಲ್ ಕೆಳಗೇ ಬಂದು ದೀಪ ಹಚ್ಚುತ್ತಿದ್ದರು. ಅಷ್ಟು ಹೊತ್ತು ಕೆಲಸದವರು ಸುತ್ತಿಗೆ ಕೆಳಗಿಟ್ಟು ನಿಲ್ಲುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ನಮ್ಮ ಮನೆ ಅದಕ್ಕಿಂತ ಹಳೆಯದು, ಮೊದಲು ಹುಲ್ಲಿನ ಮಾಡು. ಹುಲ್ಲಿಗೆ ಅಂತ ಹಾಕಿದ ತೊಲೆಗಳ ಮೇಲೆ ಆಮೇಲೆ ಹೆಂಚಿನ ಭಾರ ಬಿದ್ದಿದೆ. ಹಾಗಾಗಿ ಬಗ್ಗಿದ್ದ ತೊಲೆಗಳಿಗೆ ಪಕ್ಕದಲ್ಲಿ ಜೋಡಿ ತೊಲೆ ಕೊಟ್ಟೆವು, ಹಳೆಯದನ್ನು ತೆಗೆಯಲಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಕೈಯಾಲೆಯ (ಮುಂದಿನ ಜಗಲಿಯ) ಒಂದು ಕಂಬ. ಹಲಸಿನ ಮರದ್ದು, ಮೇಲಕ್ಕೆ ಹೋಗುತ್ತಾ ಸಣ್ಣಗಾಗುತ್ತದೆ, ನಡುವಿಗೆ ತಾವರೆಯ ಕೆತ್ತನೆ. ಬುಡಕ್ಕೆ ಗೆದ್ದಲು ಹಿಡಿದು ಬೆರಳು ಒತ್ತಿದರೆ ಪುಡಿ ಉದುರುತ್ತಿತ್ತು. ಹೊಸ ಕಂಬ ಹಾಕಿದ್ದರೆ ಸುಲಭವಾಗುತ್ತಿತ್ತು. ಆಚಾರಿ ಮಾತ್ರ ಉಳಿಯ ಹಿಡಿಯಿಂದ ಕಂಬಕ್ಕೆ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋದರು. ಮೊಣಕಾಲಿನ ಎತ್ತರದಲ್ಲಿ ಸದ್ದು ಬದಲಾಯಿತು. "ಇಲ್ಲಿಂದ ಮೇಲೆ ಮರ ಗಟ್ಟಿ ಇದೆ ಅಣ್ಣ" ಅಂದರು. ಮಾಡಿಗೆ ಜಾಕ್ ಕೊಟ್ಟು, ಕೊಳೆತಷ್ಟನ್ನೇ ಓರೆಯಾಗಿ ಕೊಯ್ದರು. ಹಳೇ ಹಲಸಿನ ತುಂಡೊಂದನ್ನು ಅದೇ ಓರೆಗೆ ಕೂರಿಸಿ ಮರದ ಗೂಟ ಬಡಿದರು. ಕಬ್ಬಿಣದ ಮೊಳೆ ಒಂದೂ ಇಲ್ಲ. ಆ ತಾವರೆ ಇದ್ದ ಹಾಗೇ ಉಳಿಯಿತು. ನನಗೆ ಇಡೀ ಕೆಲಸದಲ್ಲಿ ಇದರಷ್ಟು ಖುಷಿ ಕೊಟ್ಟದ್ದು ಇನ್ನೊಂದಿಲ್ಲ. ಕಂಬಗಳ ನಡುವಿನ ಐಮರಕ್ಕೆ ಕೈ ಹಾಕಲಿಲ್ಲ. ಹಿರಿಯರು ಕೂತು ಕೂತು ನುಣುಪಾದ ಹಲಗೆ, ಪಾಲಿಶ್ ಏಕೆ ಬೇಕು?

ಗೋಡೆ ಮಣ್ಣಿನದು. ಸಿಮೆಂಟ್ ಬಳಿದರೆ ನಮ್ಮ ಮಳೆಗೆ ಥಂಡಿ ಒಳಗೇ ಸಿಕ್ಕಿಹಾಕಿಕೊಂಡು ಪದರ ಪದರವಾಗಿ ಕಿತ್ತು ಬರುತ್ತದೆ. ಮಣ್ಣು ಮೆತ್ತಿ ಸುಣ್ಣ ಬಳಿದೆವು.

ನಡು ಅಂಗಳಕ್ಕೆ ಪ್ಲಾಸ್ಟಿಕ್ ಶೀಟ್ ಮುಚ್ಚುವ ವಿಷಯಕ್ಕೆ ಒಕ್ಕದಲ್ಲಿ ಜೋರು ಮಾತೇ ಆಯಿತು. ಬೆಂಗಳೂರಿನ ತಮ್ಮಂದಿರಿಗೆ ಮಳೆ ಒಳಗೆ ಬರುವುದು ಬೇಡ. ಗಾಳಿ, ಬೆಳಕು ಬರುವುದೂ ಅಲ್ಲಿಂದಲೇ, ಮುಚ್ಚಿದರೆ ಮರವೆಲ್ಲ ಬೂಸ್ಟು ಹಿಡಿಯುತ್ತದೆ ಅಂತ ವಾದಿಸಿದೆ. ಕೊನೆಗೆ ಕಟ್ಟಿಹೋಗಿದ್ದ ಹಳೇ ನೀರಿನ ಕಿಂಡಿ ಬಿಡಿಸಿದೆವು. ಆ ಮಳೆಗಾಲದಲ್ಲಿ ನೀರು ನಿಲ್ಲಲಿಲ್ಲ, ಶೀಟಿನ ಮಾತೂ ನಿಂತಿತು.

ಕೈಮಡದ ಮಾಡು ಇನ್ನೂ ಬಾಕಿ ಇದೆ. ಮುಂದಿನ ಸಲ ಕಾರೋಣನಿಗೆ ಎಡೆ ಇಡುವ ಹೊತ್ತಿಗೆ ಅದೂ ಮುಗಿಯಬೇಕು. ಮರ ಆಗಲೇ ಕೊಯ್ಸಿ ಒಣಗಲು ಇಟ್ಟಿದ್ದೇವೆ.