ಬೈರಿಗೆಗೆ ಒಳಗಿನಿಂದ ಸಾಣೆ

ಜಗಳೂರು ಕಡೆಯ ನಮ್ಮ ಮನೆಯ ಅಟ್ಟದಲ್ಲಿ ಅಪ್ಪನ ಕಾಲದ ಐದು ಬೈರಿಗೆಗಳು ಗೋಣಿಚೀಲದೊಳಗೆ ಬಿದ್ದಿದ್ದವು. ಕುಂಟೆ ದಿಂಡಿಗೆ ತೂತು ಹಾಕುತ್ತಿದ್ದವು ಅವೇ. ಬ್ರೇಸಿಗೆ, ಅಂದರೆ ಬೈರಿಗೆಯನ್ನು ಕೈಯಿಂದ ತಿರುಗಿಸುವ ಹಿಡಿಗೆ, ಸಿಕ್ಕಿಸುವ ಚೌಕದ ಬುಡದಲ್ಲಿ ಅಂಕಿ ಇತ್ತು. ಅದು ಇಂಚಿನ ಹದಿನಾರನೇ ಭಾಗದ ಲೆಕ್ಕ. 8 ಅಂದರೆ ಅರ್ಧ ಇಂಚು, 12 ಅಂದರೆ ಮುಕ್ಕಾಲು.

ಒಂದನ್ನು ದಾವಣಗೆರೆಯಲ್ಲಿ ಕರೆಂಟ್ ಸಾಣೆಗೆ ಕೊಟ್ಟೆ. ತುದಿ ನೀಲಿಗಟ್ಟಿ ವಾಪಸ್ ಬಂತು. ಉಕ್ಕು ವಿಪರೀತ ಕಾದು ಹದ ಹೋಯಿತು ಅಂತಲೇ ಅರ್ಥ. ಎರಡನೆಯದನ್ನು ನಾನೇ ಕೆಡಿಸಿದೆ.

ಬೈರಿಗೆಯ ಮೂತಿಯಲ್ಲಿ ಮೂರು ಕೆಲಸಗಾರರಿದ್ದಾರೆ. ನಡುವಿನ ತಿರುಪು ಮರದೊಳಗೆ ಎಳೆದುಕೊಂಡು ಹೋಗುತ್ತದೆ. ಎರಡು ಬದಿಯ ಹಲ್ಲು ತೂತಿನ ಸುತ್ತ ಗೆರೆ ಕೊಯ್ಯುತ್ತವೆ. ಆ ಗೆರೆಯೊಳಗಿನ ಮರವನ್ನು ಅಡ್ಡ ಬಾಯಿ ಎತ್ತುತ್ತದೆ. ನಾನು ಹಲ್ಲಿನ ಹೊರಮೈಯನ್ನು ಚೆನ್ನಾಗಿ ಹೊಳೆಯುವ ಹಾಗೆ ಅರದಿಂದ ಉಜ್ಜಿಬಿಟ್ಟೆ. ಹಲ್ಲು ಕೊಯ್ದ ವೃತ್ತ ಚಿಕ್ಕದಾಯಿತು, ಹಿಂದಿನ ಸುರುಳಿ ಅದರಲ್ಲಿ ಹಿಡಿಸಲೇ ಇಲ್ಲ. ಅರ್ಧ ಇಂಚು ಇಳಿಯುವಷ್ಟರಲ್ಲಿ ಕಚ್ಚಿಕೊಂಡು ನಿಂತಿತು. ಊರಿನ ಬಡಿಗೇರ ಅಜ್ಜ ನೋಡಿ, 'ಹೊರಗ್ಯಾಕೆ ಉಜ್ಜಿದ್ಯಲೇ ತಮ್ಮಾ? ಇನ್ನಿದು ದನ ಕಟ್ಟೋ ಗೂಟಕ್ಕೆ ಸರಿ' ಅಂದರು.

ಮೂರನೆಯದಕ್ಕೆ ಅವಸರ ಮಾಡಲಿಲ್ಲ. ರಾತ್ರಿ ಹುಣಸೆಹಣ್ಣಿನ ನೀರಲ್ಲಿ ನೆನೆಸಿ, ಬೆಳಿಗ್ಗೆ ತೊಳೆದು, ಒರೆಸಿ, ಎಣ್ಣೆ ಸವರಿದೆ. ಸಣ್ಣ ಚಪ್ಪಟೆ ಅರದ ಒಂದು ಅಂಚಿನ ಹಲ್ಲನ್ನು ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿದೆ. ಆ ಅಂಚು ಪಕ್ಕದ ಲೋಹವನ್ನು ತಿನ್ನಬಾರದು, ಅದಕ್ಕೆ. ಹಲಗೆ ಮೇಲೆ ಬೈರಿಗೆ ಮೂತಿ ಕೆಳಗೆ ಮಾಡಿ, ಸುರುಳಿಯ ಸಂದಿಯಿಂದ ಅರ ತೂರಿಸಿ, ಬಾಯಿಯ ಮೇಲ್ಮೈ ಮಾತ್ರ ಉಜ್ಜಿದೆ. ಕೆಳಮೈ ಮುಟ್ಟಬಾರದು. ಮುಟ್ಟಿದರೆ ಬಾಯಿ ಮರಕ್ಕೆ ಸರಿಯಾಗಿ ಕಚ್ಚುವುದಿಲ್ಲ, ತಿರುಪು ಸುಮ್ನೆ ಒದ್ದಾಡುತ್ತದೆ. ಈ ಬದಿ ನಾಲ್ಕು ಸಲ ಎಳೆದರೆ ಆ ಬದಿಯೂ ನಾಲ್ಕೇ. ಹಲ್ಲಿಗೆ ಒಳಗಿನಿಂದ ಎರಡೋ ಮೂರೋ ಎಳೆತ, ಅಷ್ಟೇ. ಹಲ್ಲು ಹೋದರೆ ಮತ್ತೆ ಬೆಳೆಯೋದಿಲ್ಲ ಅಲ್ವಾ.

ತಿರುಪಿನ ಎಳೆಗಳಲ್ಲಿ ಹಳೇ ಅಂಟು ಕಲ್ಲಾಗಿತ್ತು. ಆಟೋ ಸಾಮಾನಿನ ಅಂಗಡಿಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ (ಲೋಹ ಉಜ್ಜುವ ತರಿತರಿ ಮುಲಾಮು) ಸವರಿದ ದಾರವನ್ನು ಎಳೆಗೆ ಸುತ್ತಿ ಹಿಂದೆ ಮುಂದೆ ಎಳೆದೆ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದಕ್ಕೇ.

ಒಣಗಿದ ಬೇವಿನ ತುಂಡಿಗೆ ಇಟ್ಟು ತಿರುಗಿಸಿದೆ. ಒತ್ತಲೇ ಬೇಕಾಗಲಿಲ್ಲ. ಎರಡು ಬಾಯಿಂದಲೂ ಒಂದೇ ದಪ್ಪದ ಮರದ ಸುರುಳಿ ಮೇಲೆದ್ದು ಬಂತು. ತಿರುಪಿನ ಮೊನೆ ಆಚೆ ಇಣುಕಿದ ಕೂಡಲೇ ನಿಲ್ಲಿಸಿ, ತುಂಡನ್ನು ತಿರುಗಿಸಿ, ಆ ಕಡೆಯಿಂದ ತೂತು ಮುಗಿಸಿದೆ. ಸಿಬಿರು ಏಳಲಿಲ್ಲ.

ಇನ್ನೆರಡು ಅಟ್ಟದಲ್ಲೇ ಇವೆ. ಕೆಡಿಸಿದ್ದನ್ನು ಅಜ್ಜ ಹೇಳಿದ ಹಾಗೆ ಕೊಟ್ಟಿಗೆಯ ಮಣ್ಣಿಗೆ ಬಡಿದಿದ್ದೇನೆ. ಕರು ಕಟ್ಟಲು ಗಟ್ಟಿಯಾಗಿದೆ.