ಬಾಲ ನೋಡಬೇಡಿ, ಟ್ರೇ ನೋಡಿ: ಮ್ಯಾಂಕ್ಸ್ ಬೆಕ್ಕು ಸಾಕಿದ ನನ್ನ ಅನುಭವ

ನಾಲ್ಕು ತಿಂಗಳು ತುಂಬದೆ ಮ್ಯಾಂಕ್ಸ್ ಮರಿ (ಹೆಚ್ಚಾಗಿ ಬಾಲವಿಲ್ಲದೆ ಹುಟ್ಟುವ ಬೆಕ್ಕಿನ ತಳಿ) ತರುವುದಿಲ್ಲ ಅಂದಾಗ ಇಲ್ಲಿನ ಬೆಕ್ಕಿನ ಗೆಳೆಯರೆಲ್ಲ ನಕ್ಕಿದ್ದರು. ಅಷ್ಟು ದೊಡ್ಡ ಮರಿ ಮನೆಗೆ ಒಗ್ಗಲ್ಲ, ಹದಿಮೂರು ವಾರಕ್ಕೇ ತಂದುಬಿಡು ಅಂದರು. ಈಗ ನನ್ನ ಸ್ಟಂಪಿಗೆ ಮೂರು ವರ್ಷ ದಾಟಿದೆ. ಒಂದು ದಿನವೂ ಸೋಫಾ ಒದ್ದೆ ಮಾಡಿಲ್ಲ. ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಾರೆ.

ನಾನಿರುವುದು ಇಂಗ್ಲೆಂಡಿನ ಲ್ಯಾಂಕಾಸ್ಟರ್ ಹತ್ತಿರ. ಈ ತಳಿಯ ತವರು ಐಲ್ ಆಫ್ ಮ್ಯಾನ್ ದ್ವೀಪ. ಅಲ್ಲಿಗೆ ಹೋಗುವ ಹಡಗು ನಮ್ಮ ಪಕ್ಕದ ಹೀಶಮ್ ಬಂದರಿನಿಂದಲೇ ಹೊರಡುತ್ತದೆ, ಮೂರೂಮುಕ್ಕಾಲು ಗಂಟೆ ದಾರಿ.

ನಾಲ್ಕು ತಿಂಗಳು ಕಾಯುವ ಹಠಕ್ಕೆ ಕಾರಣ ನನ್ನ ಮೊದಲ ಮ್ಯಾಂಕ್ಸ್ ಬೆಕ್ಕು. ಅದು ಪೂರ್ತಿ ರಂಪಿ, ಬಾಲದ ಜಾಗದಲ್ಲಿ ಬರೀ ಗುಳಿ. ಬೆಣ್ಣೆ ಉಂಡೆಯ ಹಾಗಿತ್ತು. ಐದನೇ ತಿಂಗಳಿಗೆ ಮಲಗಿದಲ್ಲೇ ಮೂತ್ರ ಸೋರತೊಡಗಿತು. ಎಕ್ಸ್‌ರೇಯಲ್ಲಿ ಸೊಂಟದ ಕೆಳಗಿನ ಮೂಳೆಗಳೇ ಸರಿಯಾಗಿ ಕೂಡಿರಲಿಲ್ಲ. ಬಾಲ ಅಳಿಸುವ ಜೀನ್ ಕೆಲವೊಮ್ಮೆ ಬೆನ್ನುಹುರಿಯನ್ನೂ ಬಿಡುವುದಿಲ್ಲ. ಹೊಟ್ಟೆ ಒತ್ತಿ ಮೂತ್ರ ತೆಗೆಯುವುದನ್ನು ಡಾಕ್ಟರ್ ಕಲಿಸಿದರು. ವಿಮೆಯವರು ಹುಟ್ಟಿನಿಂದ ಬಂದ ದೋಷ ಅಂತ ಕೈ ಎತ್ತಿದರು. ಸುಮಾರು 1,500 ಪೌಂಡ್ ಹೋಯಿತು, ಊರಿನ ಲೆಕ್ಕದಲ್ಲಿ ಲಕ್ಷಕ್ಕೂ ಜಾಸ್ತಿ. ಬೆಕ್ಕೂ ಉಳಿಯಲಿಲ್ಲ.

ಈ ತೊಂದರೆ ಇದ್ದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳೊಳಗೆ ಹೊರಬೀಳುತ್ತದೆ. ಹಾಗಾಗಿ ಎರಡನೇ ಸಲ, ನಾಲ್ಕು ತಿಂಗಳು ತುಂಬುವ ತನಕ ಮರಿಯನ್ನು ಮಾರುವವರ ಮನೆಯಲ್ಲೇ ಬಿಟ್ಟೆ. ಮರಿಗೆ 500ರ ಆಸುಪಾಸು, ಇಟ್ಟುಕೊಂಡಿದ್ದಕ್ಕೆ ಮೇಲೆ ನೂರು ಪೌಂಡ್ ಕೊಟ್ಟೆ. ಬಾಲದ ಉದ್ದ ಬಿಡಿ. ಊಟ ಹಾಕಿಸಿ, ಅದು ಮಲಮೂತ್ರಕ್ಕೆ ಇಟ್ಟ ಟ್ರೇಗೆ ಹೋಗುವ ತನಕ ಅಲ್ಲೇ ಕೂತೆ. ತಿಣುಕುತ್ತಿದೆಯಾ? ಹಿಂದಿನ ಕೂದಲು ಒದ್ದೆಯಾ? ಮೊಲದ ಹಾಗೆ ಸ್ವಲ್ಪ ಕುಪ್ಪಳಿಸಿದರೆ ಪರವಾಗಿಲ್ಲ, ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆದರೆ ಬೇಡ. ಅಪ್ಪ ಅಮ್ಮ ಇಬ್ಬರೂ ರಂಪಿ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಆ ಜೀನ್ ಎರಡೂ ಕಡೆಯಿಂದ ಬಂದ ಮರಿ ಗರ್ಭದಲ್ಲೇ ಸಾಯುತ್ತದೆ. ಒಂದಕ್ಕೆ ಬಾಲ ಇರಲಿ.

ಆರೋಗ್ಯವಾಗಿದ್ದರೂ ಕರುಳು ಸ್ಟಂಪಿಗೆ ಸ್ವಲ್ಪ ನಿಧಾನವೇ. ಬೆಕ್ಕಿನ ಒಣ ಆಹಾರ ತಿಂದರೆ ಮಲ ಕಲ್ಲಾಗುತ್ತಿತ್ತು. ಊರಿಂದ ತಂದ ಇಸಬ್‌ಗೋಲ್ ಹಾಕಿ ನೋಡಿದೆ. ಮಲ ಇನ್ನೂ ದಪ್ಪವಾಯಿತು, ತಿಣುಕಾಟ ಹೆಚ್ಚಾಯಿತು. ದುರ್ಬಲ ಕರುಳಿಗೆ ಅಷ್ಟು ನಾರು ಭಾರ ಅಂತ ಡಾಕ್ಟರ್ ನಿಲ್ಲಿಸಿದರು. ಕೊನೆಗೆ ಒಗ್ಗಿದ್ದು ಡಬ್ಬಿಯ ಒದ್ದೆ ಆಹಾರ, ಅದರಲ್ಲಿ ಉಪ್ಪು ಖಾರ ಇಲ್ಲದ ಬೇಯಿಸಿದ ಸಿಹಿಗುಂಬಳ ಸುಮಾರು ಅರ್ಧ ಚಮಚ, ಮೇಲೆ ಬಿಸಿನೀರು. ಆರು ತಿಂಗಳಿಗೆ ಬಂದಿದ್ದ ಅತ್ತೆ, "ಬೆಕ್ಕಿಗೂ ಕುಂಬಳಕಾಯಿ ಪಲ್ಯನಾ?" ಅಂತ ನಕ್ಕರು. ಆಮೇಲೆ ಕುಂಬಳ ಹೆಚ್ಚಿಕೊಡುತ್ತಿದ್ದವರು ಅವರೇ. ತೀರಾ ಕಟ್ಟಿಕೊಂಡಾಗ ಮಾತ್ರ ಮಲ ಸಡಿಲಿಸುವ ಔಷಧಿ ಲ್ಯಾಕ್ಟುಲೋಸ್, ಅದೂ ಡಾಕ್ಟರ್ ಹೇಳಿದಷ್ಟೇ. ನೀರು ಹೆಚ್ಚು ಕುಡಿಸಲು ಬಟ್ಟಲಿಗೆ ಇನ್ನೊಂದು ಹಾಕುತ್ತೇನೆ. ಅದು ನಮ್ಮ ಮನೆಯ ಗುಟ್ಟು, ಕೇಳಬೇಡಿ.

ಬಾಲ ಇಲ್ಲದೆ ಸಮತೋಲನ ಹೇಗೆ ಸಂಭಾಳಿಸುತ್ತದೆ ಅಂತ ಸುಮ್ನೆ ಒಂದು ಪರೀಕ್ಷೆಯನ್ನೂ ಮಾಡಿದೆ. ಕಪಾಟಿನ ಮೇಲೆ ಮೀನಿನ ತುಂಡು ಇಡುತ್ತಾ ಎತ್ತರ ಏರಿಸಿದೆ. ನನ್ನ ಭುಜದೆತ್ತರಕ್ಕೆ ಒಂದೇ ನೆಗೆತ! ಹಿಂಗಾಲು ಉದ್ದ ಅಲ್ವಾ. ಬೇಲಿಯ ಮೇಲೂ ಆರಾಮಾಗಿ ನಡೆಯುತ್ತಾಳೆ. ಐಲ್ ಆಫ್ ಮ್ಯಾನ್ ದ್ವೀಪದವರು 1970ರಲ್ಲಿ ಈ ತಳಿಯ ಬೆಕ್ಕನ್ನು ಕ್ರೌನ್ ನಾಣ್ಯದ ಮೇಲೆ ಅಚ್ಚು ಹಾಕಿಸಿದ್ದರು. ಕೆಲವೇ ಪೌಂಡಿಗೆ ಸಿಕ್ಕಿತು, ಒಂದು ಕೊಂಡಿಟ್ಟಿದ್ದೇನೆ.

ಈಗ ತಿಂಗಳಿಗೆ 45 ಪೌಂಡ್ ಖರ್ಚಾಗಬಹುದು, ಹೆಚ್ಚಿನದು ಡಬ್ಬಿಗೇ. ಉದ್ದ ಕೂದಲಿನ ಮ್ಯಾಂಕ್ಸ್, ಅಂದರೆ ಸಿಮ್ರಿಕ್ ತರುವವರು ಹಿಂಭಾಗದ ಕೂದಲು ಗಿಡ್ಡ ಮಾಡಿಸಿಡಿ. ಇಲ್ಲದಿದ್ದರೆ ತೊಳೆಯುವುದೇ ಕೆಲಸವಾಗುತ್ತದೆ.